ಹದ್ದಿನ ಗೂಡುಗಳ ಲೆಕ್ಕ ಬರೆದ ಚಾರ್ಲ್ಸ್ ಬ್ರೋಲಿ

ಬ್ಯಾಂಕಿನ ಮ್ಯಾನೇಜರರಾಗಿ ಬದುಕು ಸವೆಸಿದ ಒಬ್ಬ ಗೃಹಸ್ಥರು ಅರುವತ್ತರ ಅಂಚಿನಲ್ಲಿ ಮರ ಹತ್ತುವ ಕೆಲಸಕ್ಕೆ ಕೈ ಹಾಕಿದರೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಅವರು ಹತ್ತಿದ್ದು ಮಾವಿನ ಮರವನ್ನಲ್ಲ, ಮುಗಿಲು ಮುಟ್ಟುವಂಥ ಪೈನ್ ಮರಗಳನ್ನು. ಕೀಳಲು ಹೋದದ್ದು ಹಣ್ಣನ್ನಲ್ಲ, ಹದ್ದಿನ ಮರಿಗಳ ಕಾಲಿಗೆ ಬಳೆ ತೊಡಿಸಲು ಹೋದರು ಎಂದರೆ ನಮ್ಮ ನಗು ಬೆರಗಾಗುತ್ತದೆ. ಆ ಮಹನೀಯರ ಹೆಸರು ಚಾರ್ಲ್ಸ್ ಬ್ರೋಲಿ. ಅವರು ಹುಟ್ಟಿದ್ದು 1879ರಲ್ಲಿ, ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ. ದುಡಿದದ್ದು ಅದೇ ದೇಶದ ವಿನಿಪೆಗ್ ನಗರದಲ್ಲಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸಿದವರಲ್ಲ, ಯಾವ ಸಂಶೋಧನಾಲಯದಲ್ಲಿಯೂ ಕುಳಿತವರಲ್ಲ. ಹಕ್ಕಿಗಳನ್ನು ನೋಡುವ ಹವ್ಯಾಸವೊಂದು ಅವರಿಗಿತ್ತು. ಲೆಕ್ಕದ ಪುಸ್ತಕವನ್ನು ಚೊಕ್ಕವಾಗಿ ಬರೆದಿಡುವ ಅಭ್ಯಾಸವನ್ನು ಬ್ಯಾಂಕು ಕೊಟ್ಟಿತ್ತೆಂದು ನಾವು ಊಹಿಸಬಹುದು. ಈ ಎರಡೂ ಸೇರಿ ಮುಂದೆ ಎಂತಹ ಕಾರ್ಯವಾಯಿತೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಆ ಹಕ್ಕಿಯ ಪರಿಚಯ ಅವಶ್ಯ. ಅಮೆರಿಕ ಸಂಯುಕ್ತ ಸಂಸ್ಥಾನವು 1782ರಲ್ಲಿ ತನ್ನ ರಾಜಮುದ್ರೆಯ ಮೇಲೆ ಒಂದು ಹದ್ದಿನ ಚಿತ್ರವನ್ನು ಇಟ್ಟುಕೊಂಡಿತು. ಇಂಗ್ಲಿಷಿನಲ್ಲಿ ಅದಕ್ಕೆ 'ಬಾಲ್ಡ್ ಈಗಲ್' ಎಂದು ಹೆಸರು. ಹೆಸರನ್ನು ಕೇಳಿ ಅದರ ತಲೆ ಬೋಳೆಂದು ತಿಳಿಯಬಾರದು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಬಿಳಿಯ ಗುರುತುಳ್ಳದ್ದು ಎಂಬ ಅರ್ಥವಿತ್ತು. ಪ್ರಾಯಕ್ಕೆ ಬಂದ ಹಕ್ಕಿಯ ತಲೆ, ಕತ್ತು, ಬಾಲ ಮೂರೂ ಅಚ್ಚ ಬಿಳುಪು, ಮೈ ಕಡುಗಂದು, ಕೊಕ್ಕು ಹಳದಿ. ನಾವು ಅದನ್ನು ಬಿಳಿದಲೆಯ ಹದ್ದು ಎಂದು ಕರೆಯೋಣ. ನಮ್ಮ ಮುಂಬಯಿಯ ಮೀನುಪೇಟೆಗಳ ಮೇಲೆ ಸುತ್ತುವ ಹದ್ದು ಇದರ ಮುಂದೆ ಬಲು ಚಿಕ್ಕದು. ಆದರೆ ಇದರ ಹತ್ತಿರದ ನೆಂಟನೊಬ್ಬನು ನಮ್ಮ ಪಡುವಣ ಕಡಲತೀರದಲ್ಲಿಯೇ ಇದ್ದಾನೆ. ಮುರುಡೇಶ್ವರದ ಎದುರಿಗೆ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಮರಗಳಲ್ಲಿ ಗೂಡು ಕಟ್ಟುವ, ಹೊಟ್ಟೆ ಬಿಳುಪಾದ ಕಡಲ ಹದ್ದು ಇದೇ ಪಂಗಡಕ್ಕೆ ಸೇರಿದುದು. ಎರಡಕ್ಕೂ ಮೀನೇ ಮುಖ್ಯ ಆಹಾರ. ಎರಡೂ ನೀರಿನ ದಡದ ಎತ್ತರದ ಮರವನ್ನೇ ಹುಡುಕುವುವು.

ಬ್ರೋಲಿಯವರು ಕೆಲಸದಿಂದ ನಿವೃತ್ತರಾದ ಮೇಲೆ, ಕೆನಡಾದ ಕಡುಚಳಿಯನ್ನು ತಪ್ಪಿಸಿಕೊಳ್ಳಲು, ಚಳಿಗಾಲವನ್ನು ಅಮೆರಿಕದ ದಕ್ಷಿಣದ ತುದಿಯಾದ ಫ್ಲಾರಿಡಾದಲ್ಲಿ ಕಳೆಯಲು ನಿಶ್ಚಯಿಸಿದರು. ಆಡುಬಾನ್ ಸಂಘವೆಂಬುದು ಆ ದೇಶದ ಪಕ್ಷಿಪ್ರೇಮಿಗಳ ದೊಡ್ಡ ಸಂಸ್ಥೆ. ಆ ಸಂಘದ ರಿಚರ್ಡ್ ಪೋ ಎಂಬವರು ಇವರಿಗೆ ಒಂದು ಸಲಹೆ ಮಾಡಿದರು: ಫ್ಲಾರಿಡಾದಲ್ಲಿ ಬಿಳಿದಲೆಯ ಹದ್ದುಗಳು ಹೇರಳವಾಗಿವೆ, ಅವುಗಳ ಮರಿಗಳಿಗೆ ಅಂಕೆ ಹಾಕಿದ ಬಳೆ ತೊಡಿಸಿದರೆ ಅವು ಎಲ್ಲಿಗೆ ಹೋಗುತ್ತವೆಂಬುದು ತಿಳಿದೀತು, ಮರ ಹತ್ತಲು ಯಾರಾದರೂ ಹುಡುಗರನ್ನು ಕೂಲಿಗೆ ಇಟ್ಟುಕೊಳ್ಳಬಹುದು ಎಂದು. ಬ್ರೋಲಿಯವರು ಬಳೆಗಳನ್ನು ತೆಗೆದುಕೊಂಡರು, ಹುಡುಗರನ್ನು ಇಟ್ಟುಕೊಳ್ಳಲಿಲ್ಲ. ತಾವೇ ಹತ್ತಿದರು. ಇದು 1939ರ ಮಾತು.

ಹತ್ತುವುದೇನು ಸುಲಭವೆ? ಹದ್ದಿನ ಗೂಡಿರುವ ಪೈನ್ ಮರಕ್ಕೆ ಕೆಳಗಡೆ ಕೊಂಬೆಯೇ ಇರದು. ಅವರು ಉದ್ದನೆಯ ಹುರಿಯ ತುದಿಗೆ ಸೀಸದ ಗುಂಡನ್ನು ಕಟ್ಟಿ ಎತ್ತರದ ಕೊಂಬೆಯೊಂದರ ಮೇಲಿಂದ ಹಾಯಿಸುತ್ತಿದ್ದರು. ಆ ಹುರಿಯಿಂದ ಹಗ್ಗವನ್ನೂ ಹಗ್ಗದಿಂದ ನೂಲೇಣಿಯನ್ನೂ ಮೇಲಕ್ಕೆಳೆದು ಬಿಗಿದು, ತೂಗಾಡುವ ಆ ಏಣಿಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಏರುತ್ತಿದ್ದರು. ಮರದ ತಲೆಗೆ ತಲುಪಿದ ಮೇಲೂ ಕಷ್ಟ ತೀರುತ್ತಿರಲಿಲ್ಲ. ಗೂಡೆಂದರೆ ಅಂಗೈಯಗಲದ ಬುಟ್ಟಿಯಲ್ಲ. ವರ್ಷ ವರ್ಷವೂ ಅದೇ ಜೋಡಿ ಅದೇ ಗೂಡಿಗೆ ಬಂದು ಹೊಸ ಕಟ್ಟಿಗೆಗಳನ್ನು ಹೇರುವುದರಿಂದ ಅದು ಬೆಳೆಯುತ್ತಲೇ ಹೋಗುವುದು. ಬ್ರೋಲಿಯವರು ಓಡಾಡಿದ ಕರಾವಳಿಯಲ್ಲಿಯೇ, ಸೇಂಟ್ ಪೀಟರ್ಸ್‌ಬರ್ಗ್ ಪಟ್ಟಣದ ಬಳಿಯ ಗೂಡೊಂದನ್ನು 1963ರಲ್ಲಿ ಪರೀಕ್ಷಿಸಿದಾಗ ಅದರ ಅಗಲ ಒಂಬತ್ತೂವರೆ ಅಡಿ, ಆಳ ಇಪ್ಪತ್ತು ಅಡಿ ಇದ್ದಿತು. ಅಂತಹ ಕಟ್ಟಿಗೆಯ ರಾಶಿಯ ಕೆಳಗಿನಿಂದ ಬಂದವನು ಅದರ ಹೊರ ಅಂಚನ್ನು ಹಿಡಿದು, ಮೈಯನ್ನು ಗಾಳಿಯಲ್ಲಿ ಹೊರಚಾಚಿ ಮೇಲಕ್ಕೆ ಹಾಯಬೇಕು. ಈ ಸಾಹಸವನ್ನು ಬ್ರೋಲಿಯವರು ಒಂದು ಬಾರಿಯಲ್ಲ, ಒಂದು ಋತುವಿಗೆ ಎಷ್ಟೋ ಬಾರಿ, ಇಪ್ಪತ್ತು ಚಳಿಗಾಲಗಳ ಕಾಲ ಮಾಡಿದರು. ಅವರ ಪತ್ನಿ ಮರ್ಟಲ್ ಬ್ರೋಲಿಯವರು ಈ ಸಾಹಸಗಳನ್ನು ಕುರಿತು 1952ರಲ್ಲಿ ಒಂದು ಪುಸ್ತಕವನ್ನೇ ಬರೆದರು. 'ಹದ್ದಿನ ಮನುಷ್ಯ' ಎಂಬ ಅದರ ಹೆಸರೇ ಬ್ರೋಲಿಯವರ ಅಡ್ಡಹೆಸರಾಗಿ ಜನರ ಬಾಯಲ್ಲಿ ನಿಂತಿತು.

ಮೇಲೆ ಅವರಿಗೆ ಕಾಣುತ್ತಿದ್ದುದೇನು? ಫ್ಲಾರಿಡಾದಲ್ಲಿ ಹದ್ದುಗಳ ಬಾಣಂತನವು ಚಳಿಗಾಲದಲ್ಲಿ ನಡೆಯುತ್ತದೆ. ತಾಯಿಯು ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುವುದು. ಒಂದೂ ಉಂಟು, ಅಪರೂಪಕ್ಕೆ ಮೂರೂ ಉಂಟು. ಗಂಡು ಹೆಣ್ಣುಗಳೆರಡೂ ಸರದಿಯಿಂದ ಸುಮಾರು 35 ದಿನ ಕಾವು ಕೊಡುವುವು. ಎರಡು ಮೊಟ್ಟೆಗಳ ನಡುವೆ ಕೆಲವು ದಿನಗಳ ಅಂತರವಿರುವುದರಿಂದ ಮರಿಗಳೂ ಹಿಂದುಮುಂದಾಗಿ ಹೊರಬರುವುವು. ಮೊದಲು ಹುಟ್ಟಿದ್ದು ಬೇಗ ಬಲಿತು, ತಂದೆ ತಾಯಿ ತಂದ ಮೀನಿಗೆ ಮೊದಲು ಕೊಕ್ಕು ಚಾಚುವುದು. ಎರಡನೆಯದನ್ನು ಕುಟುಕಿ ಮೂಲೆಗೆ ತಳ್ಳುವುದೂ ಉಂಟು. ಮೀನು ಸಮೃದ್ಧಿಯಾಗಿದ್ದ ವರ್ಷ ಎರಡೂ ಬದುಕುವುವು. ಕೊರತೆಯಾದಾಗ ಕಿರಿಯದು ಸಾಯುವುದು. ಅಣ್ಣ ತಮ್ಮಂದಿರ ಜಗಳವನ್ನು ನೋಡಿ ಬೇಸರಪಡಬೇಕಾಗಿಲ್ಲ. ಹದ್ದಿನ ಕುಲದ ರೀತಿಯೇ ಹಾಗೆ.

ಮರಿಯು ಮೊದಮೊದಲು ಬೂದುಬಣ್ಣದ ನವುರಾದ ತುಪ್ಪುಳಿನ ಮುದ್ದೆ. ತಾಯಿಯು ಮೀನನ್ನು ಚೂರು ಚೂರಾಗಿ ಹರಿದು ಬಾಯಿಗಿಡಬೇಕು. ಐದಾರು ವಾರಗಳಲ್ಲಿ ಕಪ್ಪಾದ ಗರಿಗಳು ಮೂಡಿ, ಮರಿಯು ತನ್ನ ಕಾಲ ಮೇಲೆ ನಿಂತು ತಾನೇ ಮಾಂಸವನ್ನು ಹರಿಯಲು ಕಲಿಯುವುದು. ಬಳೆ ತೊಡಿಸಲು ತಕ್ಕ ಕಾಲ ಇದಕ್ಕೆ ತುಸು ಹಿಂದುಮುಂದು. ಆಗ ಕಾಲು ಬಹುಮಟ್ಟಿಗೆ ಪೂರ್ಣವಾಗಿ ಬೆಳೆದಿರುವುದರಿಂದ ಬಳೆಯು ಸಡಿಲವಾಗಿ ಜಾರದು, ಬಿಗಿದು ನೋಯಿಸದು. ಇನ್ನೂ ತಡಮಾಡಿದರೆ ಹೆದರಿದ ಮರಿಯು ಹಾರಲು ಬಾರದಿದ್ದರೂ ಗೂಡಿನಿಂದ ಧುಮುಕಿಬಿಡುವ ಭಯವುಂಟು. ಆದುದರಿಂದ ದಿನ ಎಣಿಸಿ ಹೋಗಬೇಕು. ಮನುಷ್ಯನು ಗೂಡಿಗೆ ಬಂದಾಗ ತಂದೆ ತಾಯಿಗಳು ಮೇಲೆರಗಿ ಬೀಳುವುವೆಂದು ನಾವು ಊಹಿಸುವೆವು. ಬಿಳಿದಲೆಯ ಹದ್ದು ಸಾಮಾನ್ಯವಾಗಿ ಹಾಗೆ ಮಾಡದು. ಆಕಾಶದಲ್ಲಿ ಸುತ್ತುತ್ತಾ ಕೀರಲುದನಿಯಲ್ಲಿ ಕೂಗುವುದಷ್ಟೆ. ಅಷ್ಟು ಭಾರಿ ಹಕ್ಕಿಗೆ ಅಷ್ಟು ಸಣ್ಣ ಸ್ವರವೇ ಎಂದು ಕೇಳಿದವರು ಆಶ್ಚರ್ಯಪಡುತ್ತಾರೆ.

ಗೂಡಿನಲ್ಲಿ ವಿನೋದವೂ ಇಲ್ಲದಿರಲಿಲ್ಲ. ಹದ್ದುಗಳು ಸಿಕ್ಕಿದ ವಸ್ತುಗಳನ್ನೆಲ್ಲ ಎತ್ತಿ ತಂದು ಗೂಡಿಗೆ ಸೇರಿಸುವುದುಂಟು. ಒಂದು ಹದ್ದು ಎಲ್ಲಿಂದಲೋ ತಂದ ಬಿಳಿಯ ರಬ್ಬರ್ ಚೆಂಡಿನ ಮೇಲೆ, ಅದು ತನ್ನ ಮೊಟ್ಟೆಯೆಂದೇ ಭಾವಿಸಿ, ಆರು ವಾರ ಕಾವು ಕುಳಿತುದನ್ನು ಬ್ರೋಲಿಯವರು ದಾಖಲೆ ಮಾಡಿದ್ದಾರೆ. ನಮ್ಮ ಊರಿನ ಹದ್ದುಗಳೂ ಚಿಂದಿ, ತಂತಿಗಳನ್ನು ಗೂಡಿಗೆ ಸೇರಿಸುವುದನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಆದರೆ ಚೆಂಡಿಗೆ ಕಾವು ಕೊಟ್ಟ ಆ ತಾಯಿಯ ತಾಳ್ಮೆಯನ್ನು ನೆನೆದರೆ ನಗುವಿನೊಂದಿಗೆ ಮರುಕವೂ ಹುಟ್ಟುತ್ತದೆ.

ಹತ್ತರಿಂದ ಹನ್ನೆರಡು ವಾರಗಳಾದಾಗ ಮರಿಗಳು ಹಾರಲು ಸಿದ್ಧವಾಗುವುವು. ಅದಕ್ಕೆ ಮೊದಲು ನಡೆಯುವ ಕಸರತ್ತು ನೋಡತಕ್ಕದ್ದು. ಗಾಳಿಗೆ ಎದುರಾಗಿ ನಿಂತು ರೆಕ್ಕೆಗಳನ್ನು ಬಡಿಯುವುದು, ಗೂಡಿನ ಮೇಲೆಯೇ ಒಂದೆರಡು ಅಡಿ ಮೇಲೆದ್ದು ಮತ್ತೆ ಇಳಿಯುವುದು, ಕೊಂಬೆಯಿಂದ ಕೊಂಬೆಗೆ ನೆಗೆಯುವುದು, ಜಾರಿ ಬಿದ್ದಂತಾಗಿ ರೆಕ್ಕೆ ಹರಡಿ ತಡೆದುಕೊಳ್ಳುವುದು, ಹೀಗೆ ದಿನಗಳು ಕಳೆಯುವುವು. ಒಂದು ದಿನ ಮರಿಯು ಗಾಳಿಗೆ ಮೈಯೊಡ್ಡಿ ಹೊರಟುಬಿಡುವುದು. ಹಾರುವುದು ಬೇಗನೆ ಬರುವುದು. ಇಳಿಯುವುದು ಬೇಗ ಬಾರದು. ಮೊದಲ ಬಾರಿಗೆ ಕೊಂಬೆಯನ್ನು ಹಿಡಿಯಹೋಗಿ ತಲೆಕೆಳಗಾಗುವ ಮರಿಗಳೂ ಉಂಟು. ಹಾರಿದ ಮೇಲೂ ಕೆಲವು ವಾರಗಳ ಕಾಲ ಅವು ಗೂಡಿನ ಸುತ್ತಮುತ್ತಲೇ ಇದ್ದು ತಂದೆ ತಾಯಿಗಳು ತಂದ ಆಹಾರಕ್ಕೆ ಕೂಗಿ ಬೇಡುವುವು. ಆ ವಯಸ್ಸಿನ ಮರಿಯ ರೆಕ್ಕೆ ಬಾಲಗಳ ಗರಿಗಳು ತಂದೆ ತಾಯಿಗಳಿಗಿಂತಲೂ ಉದ್ದವಾಗಿರುವುದರಿಂದ ಅದೇ ದೊಡ್ಡದಾಗಿ ಕಾಣುವುದು. ಮೈಯೆಲ್ಲ ಕಂದು. ತಲೆ ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು. ಬಿಳಿಯ ತಲೆ ಪ್ರಾಯದ ಗುರುತು, ಕಂದು ತಲೆ ಎಳೆತನದ ಗುರುತು ಎಂಬುದನ್ನು ನಾವು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಒಂದು ದೊಡ್ಡ ವಿಷಯ ತಿಳಿಯಲಿದೆ.

ಹೀಗೆ ಗೂಡನ್ನು ಕಣ್ಣಿಟ್ಟು ಕಾದವರಲ್ಲಿ ಬ್ರೋಲಿಯವರೇ ಮೊದಲಿಗರಲ್ಲ. ಫ್ರಾನ್ಸಿಸ್ ಹೆರಿಕ್ ಎಂಬ ಪಂಡಿತರು 1920ರ ದಶಕದಲ್ಲಿ ಒಹಾಯೋ ಸಂಸ್ಥಾನದ ಈರೀ ಸರೋವರದ ದಂಡೆಯಲ್ಲಿ ಗೂಡಿನ ಪಕ್ಕದಲ್ಲಿಯೇ ಉಕ್ಕಿನ ಗೋಪುರವನ್ನೆಬ್ಬಿಸಿ ಹದ್ದಿನ ಸಂಸಾರವನ್ನು ಅಭ್ಯಾಸ ಮಾಡಿದ್ದರು. ಅವರು ನೋಡಿದುದು ಒಂದೆರಡು ಗೂಡುಗಳ ಒಳಬಾಳನ್ನು. ಬ್ರೋಲಿಯವರದು ನೂರಾರು ಗೂಡುಗಳ ಲೆಕ್ಕ. ಒಂದನ್ನು ಆಳವಾಗಿ ಬಲ್ಲವರೂ ಬೇಕು, ಎಲ್ಲವನ್ನೂ ಎಣಿಸಿದವರೂ ಬೇಕು.

ಟ್ಯಾಂಪಾದಿಂದ ಫೋರ್ಟ್ ಮೈಯರ್ಸ್‌ವರೆಗಿನ ಪಶ್ಚಿಮ ಕರಾವಳಿಯನ್ನು ಅವರು ತಮ್ಮ ಕ್ಷೇತ್ರವಾಗಿ ಆರಿಸಿಕೊಂಡರು. ಮೊದಲ ವರ್ಷಗಳಲ್ಲಿ ಅಲ್ಲಿ ಸುಮಾರು 125 ಗೂಡುಗಳಲ್ಲಿ ಹದ್ದುಗಳು ಸಂಸಾರ ಹೂಡುತ್ತಿದ್ದುವು. ವರ್ಷಕ್ಕೆ 150ರಷ್ಟು ಮರಿಗಳಿಗೆ ಬಳೆ ತೊಡಿಸುವುದಾಗುತ್ತಿತ್ತು. ಅವರಿಗೆ ಹಿಂದಿನವರೆಲ್ಲರೂ ಸೇರಿ ಅಮೆರಿಕದಲ್ಲಿ ಬಳೆ ತೊಡಿಸಿದ್ದ ಬಿಳಿದಲೆಯ ಹದ್ದುಗಳು ಕೇವಲ 166. ಬ್ರೋಲಿಯವರೊಬ್ಬರೇ 1949ರೊಳಗಾಗಿ ಒಂದು ಸಾವಿರವನ್ನು ದಾಟಿದರು.

ಬಳೆಗಳು ಮಾತನಾಡತೊಡಗಿದುವು. ಫ್ಲಾರಿಡಾದ ಹದ್ದುಗಳು ಊರು ಬಿಟ್ಟು ಕದಲವು ಎಂದು ಅದುವರೆಗೆ ಪಂಡಿತರು ನಂಬಿದ್ದರು. ಆದರೆ ಬಳೆ ತೊಟ್ಟ ಹಕ್ಕಿಗಳ ಸುದ್ದಿ ಉತ್ತರದ ಊರುಗಳಿಂದ ಬರಹತ್ತಿತು. ಬಂದ ವರದಿಗಳಲ್ಲಿ ಹಲವು ಗುಂಡೇಟಿಗೆ ಸಿಕ್ಕಿದ ಹಕ್ಕಿಗಳವು ಎಂಬುದು ದುಃಖದ ಸಂಗತಿ. ರಾಷ್ಟ್ರದ ಮುದ್ರೆಯ ಮೇಲಿನ ಹಕ್ಕಿಯಾದರೂ ಅದಕ್ಕೆ ಕಾನೂನಿನ ರಕ್ಷಣೆ ದೊರೆತದ್ದು 1940ರಲ್ಲಿ. ಅಲಾಸ್ಕಾದಲ್ಲಂತೂ 1917ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಹದ್ದು ಕೊಂದವರಿಗೆ ಸರಕಾರವೇ ಬಹುಮಾನ ಕೊಡುತ್ತಿತ್ತು. ಅದಿರಲಿ. ಬಳೆಗಳಿಂದ ತಿಳಿದುಬಂದುದೇನೆಂದರೆ, ಫ್ಲಾರಿಡಾದಲ್ಲಿ ಹುಟ್ಟಿದ ಮರಿಗಳು ರೆಕ್ಕೆ ಬಲಿತ ಕೆಲವೇ ವಾರಗಳಲ್ಲಿ ಯಾರ ಮಾರ್ಗದರ್ಶನವೂ ಇಲ್ಲದೆ ಕಡಲತೀರವನ್ನು ಹಿಡಿದು ಉತ್ತರಕ್ಕೆ ಹೊರಟು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದವರೆಗೂ ಹೋಗುವುವು, ಮಳೆಗಾಲದ ಹಿಂದೆ ಬಿಸಿಲು ಇಳಿದಾಗ ದಕ್ಷಿಣಕ್ಕೆ ಮರಳುವುವು. ನಮ್ಮಲ್ಲಿ ಹಕ್ಕಿಗಳು ಚಳಿಗೆ ಹೆದರಿ ದಕ್ಷಿಣಕ್ಕೆ ಬರುವುದನ್ನು ಕೇಳಿದ್ದೇವೆ. ಇವು ದಕ್ಷಿಣದಲ್ಲಿ ಹುಟ್ಟಿ, ಬೇಸಗೆಗೆ ಬೆನ್ನು ತೋರಿ ಉತ್ತರಕ್ಕೆ ಹೋಗುವ ಹಕ್ಕಿಗಳು. ಈಚಿನ ವರ್ಷಗಳಲ್ಲಿ ಉಪಗ್ರಹಗಳ ಮೂಲಕ ಹದ್ದುಗಳ ಜಾಡು ಹಿಡಿದವರೂ ಈ ಪ್ರಯಾಣವನ್ನು ಕಂಡಿದ್ದಾರೆ. ಪದವಿಯಿಲ್ಲದ ಬ್ಯಾಂಕಿನ ಮನುಷ್ಯರೊಬ್ಬರು ಪುಸ್ತಕದ ಮಾತನ್ನು ತಿದ್ದಿದರು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅವರ ಹೆಸರು ಪಕ್ಷಿಶಾಸ್ತ್ರದ ಒಂದು ಅಡಿಟಿಪ್ಪಣಿಯಾಗಿ ಉಳಿಯುತ್ತಿತ್ತು.

1947ರಲ್ಲಿ ಲೆಕ್ಕ ತಪ್ಪಿತು. ಮರಿಗಳು ಕಡಿಮೆಯಾದುವು. ನೂಲೇಣಿಯನ್ನೇರಿ ಹೋಗಿ ನೋಡಿದರೆ ಕೆಲವು ಗೂಡುಗಳಲ್ಲಿ ಮೊಟ್ಟೆಯೇ ಇಲ್ಲ. ಕೆಲವದರಲ್ಲಿ ಮೊಟ್ಟೆಯಿದ್ದರೂ ಒಡೆದು ಮರಿಯಾಗಲಿಲ್ಲ. ಒಂದು ವರ್ಷದ ಮಾತಾದರೆ ಬಿರುಗಾಳಿಯ ಮೇಲೆ ತಪ್ಪು ಹೊರಿಸಬಹುದಾಗಿತ್ತು. ಕರಾವಳಿಯಲ್ಲಿ ಮರಗಳನ್ನು ಕಡಿದು ಮನೆಗಳನ್ನು ಕಟ್ಟುತ್ತಿದ್ದುದೂ ನಿಜ. ಆದರೆ ಮರ ನಿಂತಿದೆ, ಗೂಡು ಇದೆ, ಗೂಡಿನ ಪಕ್ಕದಲ್ಲಿ ಬಿಳಿದಲೆಯ ಜೋಡಿಯೂ ಕುಳಿತಿದೆ, ಮರಿ ಮಾತ್ರ ಇಲ್ಲ ಎಂದರೆ ಏನೆಂದು ತಿಳಿಯುವುದು? 1952ರಿಂದ 1957ರವರೆಗೆ ನೂರಕ್ಕೆ ಎಂಬತ್ತರಷ್ಟು ಗೂಡುಗಳು ಬರಿದಾಗಿ ಹೋದುವು. 1957ರ ಲೆಕ್ಕವನ್ನು ನೋಡಿರಿ. ಹದ್ದುಗಳು ಸೇರಿದ ಗೂಡುಗಳು 43. ಇವುಗಳಲ್ಲಿ ಮೊಟ್ಟೆಯೇ ಇಲ್ಲದೆ ಬರಿಯ ಊಟದ ಮಣೆಯಾಗಿದ್ದವು 13. ಮೊಟ್ಟೆ ಕೆಟ್ಟುಹೋದವು 23. ಮರಿಯಾದವು 7, ಆ ಏಳರಲ್ಲಿ ಸಿಕ್ಕಿದ ಮರಿಗಳು 8. ಹಿಂದೆ ನೂರೈವತ್ತು ಮರಿಗಳನ್ನು ಕೈಯಲ್ಲಿ ಹಿಡಿದಿದ್ದ ಅದೇ ತೀರದಲ್ಲಿ ಎಂಟು! ಮರುವರ್ಷ 1958ರಲ್ಲಿ, ಎಪ್ಪತ್ತೆಂಟರ ಪ್ರಾಯದ ಬ್ರೋಲಿಯವರು ನೂರು ಮೈಲಿ ಕರಾವಳಿಯನ್ನು ಅಲೆದರು. ಹಕ್ಕಿಗಳೇ ಕಂಡದ್ದು ಹತ್ತು ಗೂಡುಗಳಲ್ಲಿ. ಬಳೆ ತೊಡಿಸಲು ಸಿಕ್ಕಿದುದು ಒಂದೇ ಒಂದು ಮರಿ.

ಅವರ ಮನಸ್ಸು ಎಷ್ಟು ನೊಂದಿರಬೇಕೆಂಬುದನ್ನು ನಾವು ಬಣ್ಣಿಸಲಾರೆವು. ಲೆಕ್ಕವನ್ನು ಮಾತ್ರ ಅವರು ಬಿಡಲಿಲ್ಲ. ಅದೇ 1958ರಲ್ಲಿ ಆಡುಬಾನ್ ಸಂಘದ ಪತ್ರಿಕೆಯಲ್ಲಿ ಹದ್ದುಗಳ ದುರವಸ್ಥೆಯನ್ನು ಕುರಿತು ಲೇಖನ ಬರೆದು, ಫ್ಲಾರಿಡಾದ ಹದ್ದುಗಳಲ್ಲಿ ನೂರಕ್ಕೆ ಎಂಬತ್ತು ಬಂಜೆಯಾಗಿವೆಯೆಂದೂ ಇದಕ್ಕೆ ಡಿ.ಡಿ.ಟಿ.ಯೇ ಕಾರಣವೆಂದು ತಾವು ನಂಬುವುದಾಗಿಯೂ ತಿಳಿಸಿದರು.

ಈ ಡಿ.ಡಿ.ಟಿ. ಎಂಬುದು ಯಾವುದು? ಪಾಲ್ ಮ್ಯೂಲರ್ ಎಂಬ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಇದರ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದದ್ದು 1939ರಲ್ಲಿ, ಬ್ರೋಲಿಯವರು ಮೊದಲ ಮರಿಗೆ ಬಳೆ ತೊಡಿಸಿದ ವರ್ಷದಲ್ಲಿಯೇ. 1948ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಅದು ಸಲ್ಲದ ಪಾರಿತೋಷಕವೆಂದು ಹೇಳಲು ನಮಗೆ ಬಾಯಿ ಬಾರದು. ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ಮಲೇರಿಯಾ ಮನೆಮನೆಯನ್ನು ತಿನ್ನುತ್ತಿದ್ದಾಗ, 1946ರ ಸುಮಾರಿಗೆ ಮನೆಗಳ ಗೋಡೆಗಳಿಗೆ ಇದನ್ನು ಸಿಂಪಡಿಸಿ ಎಷ್ಟೋ ಜೀವಗಳನ್ನು ಉಳಿಸಿದರು. ನಮ್ಮ ಓದುಗರಲ್ಲಿ ಹಲವರ ಹಿರಿಯರು ಆ ಕಡೆಯವರೇ. ಆದರೆ ಮನೆಯ ಗೋಡೆಗೆ ಬಳಿಯುವ ಮಾತು ಬೇರೆ. ಅಮೆರಿಕದಲ್ಲಿ ಯುದ್ಧ ಮುಗಿದ ಮೇಲೆ ವಿಮಾನಗಳಿಂದ ಹೊಲ, ಕಾಡು, ಜೌಗುನೆಲಗಳ ಮೇಲೆಲ್ಲ ಮಳೆಯಂತೆ ಸುರಿದುದು ಬೇರೆ. ಸುರಿದ ವಿಷ ಕರಗಿ ಹೋಗಲಿಲ್ಲ. ನೀರಿನ ಸಣ್ಣ ಜೀವಿಗಳ ಮೈಯಲ್ಲಿ ಸೇರಿ, ಅವುಗಳನ್ನು ತಿಂದ ಮೀನಿನ ಕೊಬ್ಬಿನಲ್ಲಿ ಇನ್ನಷ್ಟು ದಟ್ಟವಾಗಿ, ಆ ಮೀನುಗಳನ್ನು ದಿನವೂ ತಿಂದ ಹದ್ದಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೂಡಿಕೊಂಡಿತು. ಹದ್ದು ಕೂಡಲೇ ಸಾಯಲಿಲ್ಲ. ಗೂಡು ಕಟ್ಟಿತು, ಮೊಟ್ಟೆಯನ್ನೂ ಇಟ್ಟಿತು. ಆ ವಿಷದ ಶೇಷವು ಮೊಟ್ಟೆಯ ಚಿಪ್ಪಿಗೆ ಸುಣ್ಣದ ಅಂಶ ಸರಿಯಾಗಿ ಸೇರದಂತೆ ಮಾಡುತ್ತದೆಂಬುದು 1960ರ ದಶಕದ ಕೊನೆಯಲ್ಲಿ ಸಿದ್ಧವಾಯಿತು. ತೆಳ್ಳಗಾದ ಚಿಪ್ಪು ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಬಿರಿಯುತ್ತಿತ್ತು.

ಇದನ್ನು ತಿಳಿಯಲು ಬ್ರೋಲಿಯವರು ಇರಲಿಲ್ಲ. ಅವರು 1959ರಲ್ಲಿ ತೀರಿಕೊಂಡರು. ತಮ್ಮ ಊಹೆ ನಿಜವೆಂದು ಯಾವ ಪ್ರಯೋಗಶಾಲೆಯೂ ಹೇಳುವ ಮೊದಲೇ ಅವರ ಪುಸ್ತಕ ಮುಚ್ಚಿತು. ಆದರೆ ಮೂರು ವರ್ಷಗಳ ಮೇಲೆ, 1962ರಲ್ಲಿ, ರೇಚಲ್ ಕಾರ್ಸನ್ ಎಂಬ ಲೇಖಕಿ ಕೀಟನಾಶಕಗಳ ಹಾವಳಿಯನ್ನು ಕುರಿತು ತಮ್ಮ ಹೆಸರಾಂತ ಗ್ರಂಥವನ್ನು ಪ್ರಕಟಿಸಿದಾಗ ಬ್ರೋಲಿಯವರ ಅಂಕೆಗಳನ್ನು ಸಾಕ್ಷಿಯಾಗಿ ನಿಲ್ಲಿಸಿದರು. ಮತ್ತೊಂದು ಸಾಕ್ಷಿಯೂ ಅವರಿಗೆ ದೊರೆಯಿತು. ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಎಂಬ ಬೆಟ್ಟದ ಮೇಲೆ ದಕ್ಷಿಣಕ್ಕೆ ಮರಳುವ ಹದ್ದುಗಳನ್ನು ಮಾರಿಸ್ ಬ್ರೌನ್ ಎಂಬವರು ಎಣಿಸುತ್ತಿದ್ದರು. 1935ರಿಂದ 1939ರವರೆಗೆ ಹಾದುಹೋದ ಹದ್ದುಗಳಲ್ಲಿ ನೂರಕ್ಕೆ ನಲವತ್ತು ಕಂದುದಲೆಯ ಎಳೆಯವು; 1955ರಿಂದ 1959ರವರೆಗೆ ನೂರಕ್ಕೆ ಇಪ್ಪತ್ತು; 1957ರಲ್ಲಂತೂ ಮೂವತ್ತೆರಡು ಹಿರಿಯ ಹಕ್ಕಿಗಳಿಗೆ ಒಂದೇ ಮರಿ. ಬಣ್ಣವೇ ವಯಸ್ಸನ್ನು ಹೇಳುವ ಹಕ್ಕಿಯಾದುದರಿಂದ ಇಷ್ಟನ್ನು ನೆಲದಿಂದಲೇ ಕಾಣುವುದು ಸಾಧ್ಯವಾಯಿತು. ಹಾನಿ ತಗಲುವ ಮೊದಲೇ ಎಣಿಸಿಟ್ಟವರು ಇದ್ದುದರಿಂದ ಹಾನಿ ಎಷ್ಟೆಂಬುದು ತಿಳಿಯಿತು. 1947ರ ಅನಂತರ ಎಣಿಸತೊಡಗಿದ್ದರೆ ಬರಿದಾದ ಗೂಡೇ ಲೋಕದ ವಾಡಿಕೆಯೆಂದು ಭಾವಿಸುತ್ತಿದ್ದರೋ ಏನೋ!

1963ರಲ್ಲಿ ಅಲಾಸ್ಕಾ ಹೊರತಾದ ಅಮೆರಿಕದ ನಾಡಿನಲ್ಲಿ ಗೂಡು ಕಟ್ಟುವ ಜೋಡಿಗಳು ಐದುನೂರಕ್ಕೂ ಕಡಿಮೆಯಾಗಿದ್ದುವು. 1972ರಲ್ಲಿ ಆ ದೇಶದಲ್ಲಿ ಡಿ.ಡಿ.ಟಿ. ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿದರು. ಹದ್ದು ನಿಧಾನವಾಗಿ ಚೇತರಿಸಿಕೊಂಡು 2007ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ಹೊರಬಂತು. 2019ರ ಅಂದಾಜಿನಂತೆ ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಹದ್ದುಗಳಿದ್ದುವು. ಶತಮಾನಗಳಿಂದ ಮುದ್ರೆಯ ಮೇಲಿದ್ದ ಹಕ್ಕಿಯನ್ನು ಕಾನೂನಿನ ಪ್ರಕಾರ ರಾಷ್ಟ್ರಪಕ್ಷಿಯೆಂದು ಘೋಷಿಸಿದ್ದು ಮಾತ್ರ 2024ರ ಡಿಸೆಂಬರಿನಲ್ಲಿ.

ಬ್ರೋಲಿಯವರ ಫ್ಲಾರಿಡಾಕ್ಕೆ ಈ ಚೇತರಿಕೆಯಲ್ಲಿ ವಿಶೇಷ ಪಾತ್ರವಿದ್ದಿತು. ಅಲ್ಲಿ ಹದ್ದುಗಳು ಮತ್ತೆ ಹೆಚ್ಚಿದ ಮೇಲೆ, ಓಕ್ಲಹೋಮಾದ ಸಟನ್ ಪಕ್ಷಿ ಸಂಶೋಧನ ಕೇಂದ್ರದವರು ಫ್ಲಾರಿಡಾದ ಗೂಡುಗಳಿಂದ ಮೊಟ್ಟೆಗಳನ್ನು ಜೋಪಾನವಾಗಿ ತೆಗೆದುಕೊಂಡು ಹೋಗಿ, ಯಂತ್ರದ ಕಾವಿನಿಂದ ಮರಿಮಾಡಿ, ಮರಿಗಳಿಗೆ ಮನುಷ್ಯನ ಮುಖ ಕಾಣದಂತೆ ಹದ್ದಿನ ತಲೆಯ ಗೊಂಬೆಯಿಂದ ಆಹಾರ ಕೊಟ್ಟು ಬೆಳೆಸಿದರು. 1985ರಿಂದ 1990ರವರೆಗೆ ಹೀಗೆ ಬೆಳೆಸಿದ 275 ಹದ್ದುಗಳನ್ನು ಓಕ್ಲಹೋಮಾ, ಜಾರ್ಜಿಯಾ, ಅಲಬಾಮಾ, ಮಿಸಿಸಿಪಿ, ಉತ್ತರ ಕ್ಯಾರೊಲೈನಾ ಸಂಸ್ಥಾನಗಳಲ್ಲಿ ಹಾರಿಬಿಟ್ಟರು. ಮೊಟ್ಟೆಯನ್ನು ಕಳೆದುಕೊಂಡ ಫ್ಲಾರಿಡಾದ ತಾಯಿಹಕ್ಕಿಗಳು ಬಹುಮಟ್ಟಿಗೆ ಅದೇ ಚಳಿಗಾಲದಲ್ಲಿ ಮತ್ತೆ ಮೊಟ್ಟೆಯಿಟ್ಟು ಕಾವಿಗೆ ಕುಳಿತುವು.